ಮೊದಲ ಸ್ಪೋರ್ಟ್ಸ್ ಬೈಕ್: ಪುಣೆಯ ಘಾಟಿಗೆ ಆರ್15, ಹುಬ್ಬಳ್ಳಿಯ ದಾರಿಗೆ ಜಿಕ್ಸರ್

ಷೋರೂಮಿನಲ್ಲಿ ಸ್ಪೋರ್ಟ್ಸ್ ಬೈಕನ್ನು ಸಾಮಾನ್ಯವಾಗಿ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಏರಿಸಿ ನಿಲ್ಲಿಸಿರುತ್ತಾರೆ. ಹತ್ತಿ ಕೂತರೆ ಗಾಡಿ ಅಲುಗುವುದಿಲ್ಲ, ಭಾರ ಗೊತ್ತಾಗುವುದಿಲ್ಲ, ಕಾಲು ನೆಲಕ್ಕೆ ಎಷ್ಟು ಎಟುಕುತ್ತದೆ ಅನ್ನುವುದೂ ತಿಳಿಯುವುದಿಲ್ಲ. ಆದ್ದರಿಂದ ಬೆಲೆ, ಮೈಲೇಜು ಕೇಳುವ ಮೊದಲು “ಗಾಡಿ ಕೆಳಗಿಳಿಸಿ ಕೊಡಿ” ಎಂದು ಕೇಳಿ. ಇಳಿಸಿದ ಮೇಲೆ ಎಂಜಿನ್ ಚಾಲೂ ಮಾಡದೆ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಹೆಬ್ಬೆರಳು ಟ್ಯಾಂಕಿಗೂ ಹಿಡಿಕೆಗೂ ನಡುವೆ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಹೊಸಬರ ಮೊದಲ ಬೀಳುವಿಕೆ ಹೆಚ್ಚಾಗಿ ಆಗುವುದು ಇಂಥ ಹೊತ್ತಿನಲ್ಲೇ: ಸೊಸೈಟಿ ಪಾರ್ಕಿಂಗಿನಲ್ಲಿ, ಯೂ-ಟರ್ನಿನಲ್ಲಿ, ನಡೆಯುವ ವೇಗಕ್ಕಿಂತ ಕಡಿಮೆಯಲ್ಲಿ.

ಪುಣೆಯಲ್ಲಿ ಓದಲು, ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: ಈವರೆಗೆ ಸ್ಕೂಟರೋ ಅಪ್ಪನ ಸ್ಪ್ಲೆಂಡರೋ ಓಡಿಸಿದವರು ನೇರವಾಗಿ ಯಾವ ಸ್ಪೋರ್ಟ್ಸ್ ಬೈಕ್ ಕೊಳ್ಳಬಹುದು? ನಮ್ಮ ಉತ್ತರ ಎರಡೇ ಗಾಡಿಗಳ ಸುತ್ತ ನಿಲ್ಲುತ್ತದೆ. ವಾರವೆಲ್ಲ ಹಿಂಜವಡಿ, ವಾಕಡ್ ಬಡಾವಣೆಗಳ ಟ್ರಾಫಿಕ್ಕು, ಭಾನುವಾರ ಬೆಳಿಗ್ಗೆ ಸಿಂಹಗಡದ ಘಾಟಿ ಅನ್ನುವವರಿಗೆ ಯಮಾಹಾ ಆರ್15 ವಿ4. ತಿಂಗಳಿಗೊಮ್ಮೆ ಬೆಳಗಾವಿಗೋ ಹುಬ್ಬಳ್ಳಿಗೋ ಗಾಡಿಯಲ್ಲೇ ಊರಿಗೆ ಹೋಗುವವರಿಗೆ ಸುಜುಕಿ ಜಿಕ್ಸರ್ ಎಸ್‌ಎಫ್ 250. ಉಳಿದ ಗಾಡಿಗಳ ಮಾತು ಆಮೇಲೆ ಬರುತ್ತದೆ. ಮೊದಲ ಗಾಡಿಯಾಗಿ ಅವುಗಳಲ್ಲಿ ಕೆಲವನ್ನು ನಾವು ಖಂಡಿತ ಬೇಡ ಅನ್ನುತ್ತೇವೆ.

ಆರ್15 ಮೊದಲ ಬಾರಿ ಭಾರತಕ್ಕೆ ಬಂದದ್ದು 2008ರಲ್ಲಿ, ಈಗಿನ ವಿ4 ಬಂದದ್ದು 2021ರ ಸೆಪ್ಟೆಂಬರಿನಲ್ಲಿ. 155 ಸಿಸಿಯ ಒಂದೇ ಸಿಲಿಂಡರ್, ನೀರಿನಿಂದ ತಣಿಯುವ ಎಂಜಿನ್. 10,000 ಆರ್‌ಪಿಎಮ್‌ನಲ್ಲಿ 18.4 ಪಿಎಸ್ ಶಕ್ತಿ, 7,500ರಲ್ಲಿ 14.2 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಪೆಟ್ರೋಲ್ ತುಂಬಿದ ತೂಕ 142 ಕಿಲೊ ಆಸುಪಾಸು. ಈ ತೂಕವೇ ಇದರ ದೊಡ್ಡ ಗುಣ. ವಾಲಿದ ಗಾಡಿಯನ್ನು ಒಂದು ಕಾಲಿನ ಮೇಲೆ ಹಿಡಿದು ನಿಲ್ಲಿಸುವ ಹೊತ್ತಿನಲ್ಲಿ 142ಕ್ಕೂ 170ಕ್ಕೂ ಇರುವ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ಬಹಳ ದೊಡ್ಡದು. ಸೀಟಿನ ಎತ್ತರ 815 ಮಿ.ಮೀ. ಅಂದರೆ ಕಡಿಮೆಯೇನಲ್ಲ. ಆದರೆ ಸೀಟು ಮುಂಭಾಗದಲ್ಲಿ ಸಣ್ಣಗಿರುವುದರಿಂದ ಐದೂವರೆ ಅಡಿ ಎತ್ತರದವರಿಗೆ ಎರಡೂ ಪಾದಗಳ ಮುಂಭಾಗ ನೆಲಕ್ಕೆ ಸಿಗುತ್ತದೆ. ಅದಕ್ಕಿಂತ ಕುಳ್ಳಗಿರುವವರು ಒಂದೇ ಕಾಲು ಪೂರ್ತಿ ಊರಿ, ಸೀಟಿನಿಂದ ಸ್ವಲ್ಪ ಪಕ್ಕಕ್ಕೆ ಜಾರಿ ನಿಲ್ಲುವುದನ್ನು ಕಲಿತರೆ ಸಾಕು. ಸೀಟು ಕೊಯ್ಯಿಸಿ ತಗ್ಗಿಸುವ, ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಗಾಡಿಯನ್ನೇ ಇಳಿಸುವ ಕೆಲಸಕ್ಕೆ ಕೈ ಹಾಕಬೇಡಿ. ಹಿಂಭಾಗ ಇಳಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೋನ ಬದಲಾಗಿ, ತಿರುವಿನಲ್ಲಿ ಗಾಡಿ ವಾಲಲು ಹಟ ಮಾಡುತ್ತದೆ.

ಆರ್15ರ ಎಂಜಿನ್ನಿನಲ್ಲಿರುವ ವಿವಿಎ (ವೇರಿಯಬಲ್ ವಾಲ್ವ್ ಆಕ್ಚುಯೇಷನ್) ಅನ್ನುವುದನ್ನು ಜಾಹೀರಾತಿನ ಮಾತೆಂದು ತಳ್ಳಿಹಾಕುವವರಿದ್ದಾರೆ. ಅದು ನಿಜವಾಗಿ ಕೆಲಸ ಮಾಡುತ್ತದೆ. ಗಾಳಿ, ಪೆಟ್ರೋಲ್ ಒಳಸೇರುವ ವಾಲ್ವುಗಳಿಗೆ, ಅವನ್ನು ಒತ್ತಿ ತೆರೆಯುವ ಎರಡು ಬಗೆಯ ಕ್ಯಾಮ್ ಇವೆ. 7,400 ಆರ್‌ಪಿಎಮ್ ದಾಟುತ್ತಿದ್ದಂತೆ ಒಂದು ಸಣ್ಣ ಪಿನ್ ಸರಿದು ಎರಡನೆಯ ಕ್ಯಾಮ್ ಹಿಡಿದುಕೊಳ್ಳುತ್ತದೆ, ವಾಲ್ವು ಇನ್ನಷ್ಟು ತೆರೆಯುತ್ತದೆ, ಮೀಟರಿನಲ್ಲಿ ವಿವಿಎ ಎಂದು ಮೂಡುತ್ತದೆ, ಎಂಜಿನ್ನಿನ ದನಿ ಗಡುಸಾಗುತ್ತದೆ. ಇದರ ಅರ್ಥ ಏನೆಂದರೆ, ಟ್ರಾಫಿಕ್ಕಿನಲ್ಲಿ ಗಾಡಿ ಸಾಧು. ವಾಕಡ್ ಸೇತುವೆ ಕೆಳಗೆ ಎರಡನೇ ಗೇರಿನಲ್ಲಿ 20ರ ವೇಗದಲ್ಲಿ ಕ್ಲಚ್ ಹಿಡಿಯದೆಯೂ ಸಾಗುತ್ತದೆ. ಶಕ್ತಿ ಬೇಕಾದರೆ ನೀವೇ ಗೇರ್ ಇಳಿಸಿ ಎಂಜಿನ್ನನ್ನು ಮೇಲೆ ಹಿಡಿಯಬೇಕು. ಹೊಸಬರಿಗೆ ಇದು ಒಳ್ಳೆಯ ಪಾಠ: ತಪ್ಪಿ ರೇಸ್ ಹೆಚ್ಚು ಕೊಟ್ಟರೂ ಗಾಡಿ ಕೈಮೀರಿ ನುಗ್ಗುವುದಿಲ್ಲ, ಸರಿಯಾದ ಗೇರ್ ಹುಡುಕಿದರೆ ಮಾತ್ರ ಓಡುತ್ತದೆ.

ಅಸಿಸ್ಟ್ ಮತ್ತು ಸ್ಲಿಪ್ಪರ್ ಕ್ಲಚ್ ಇರುವುದರಿಂದ ಕ್ಲಚ್ ಲಿವರ್ ಹಗುರ. ಒಂದು ಗಂಟೆ ಟ್ರಾಫಿಕ್ಕಿನಲ್ಲಿ ನಿಂತು ಹೊರಟು ಮಾಡಿದರೂ ಎಡಗೈ ಸೋಲುವುದಿಲ್ಲ. ಅದಕ್ಕಿಂತ ಮುಖ್ಯ ಲಾಭ ಇನ್ನೊಂದಿದೆ. ಘಾಟಿ ಇಳಿಯುವಾಗ ಗಾಬರಿಯಲ್ಲಿ ಒಟ್ಟಿಗೆ ಎರಡು ಗೇರ್ ಇಳಿಸಿ ಕ್ಲಚ್ ಫಟ್ಟನೆ ಬಿಟ್ಟರೆ ಸಾಮಾನ್ಯ ಗಾಡಿಯ ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಇಲ್ಲಿ ಕ್ಲಚ್ ತಾನೇ ಸ್ವಲ್ಪ ಜಾರಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಎರಡೂ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎರಡು ಚಾನೆಲ್ಲಿನ ಎಬಿಎಸ್, ರೇಸ್ ಕೊಟ್ಟಾಗ ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇವೆ. ಕ್ಲಚ್ ಹಿಡಿಯದೆ ಗೇರ್ ಹಾಕಲು ಬರುವ ಕ್ವಿಕ್‌ಶಿಫ್ಟರ್ ಎಲ್ಲ ಆವೃತ್ತಿಗಳಲ್ಲೂ ಇಲ್ಲ, ಬುಕ್ ಮಾಡುವ ಮೊದಲು ಕೇಳಿ ಬರೆಸಿಕೊಳ್ಳಿ. ಹೊಸಬರಿಗೆ ಅದು ಬೇಕೇ ಬೇಕು ಅನ್ನುವಂಥದ್ದೂ ಅಲ್ಲ. ಕ್ಲಚ್ ಮತ್ತು ರೇಸ್ ಹೊಂದಿಸಿ ಗೇರ್ ಹಾಕುವುದು ಕೈಗೆ ಹತ್ತಿದ ಮೇಲೆ ಅದರ ಸುಖ.

ಈಗ ಇದರ ಕಷ್ಟ. ಹ್ಯಾಂಡಲ್ ಫೋರ್ಕಿನ ಮೇಲ್ತುದಿಗಿಂತ ಕೆಳಗೆ ಕೂತ ಕ್ಲಿಪ್-ಆನ್, ಅಂದರೆ ಫೋರ್ಕಿನ ನಳಿಗೆಗೇ ಬಿಗಿದ ಎರಡು ಬೇರೆ ಬೇರೆ ಹಿಡಿಕೆ. ಮೈಭಾರ ಮುಂದಕ್ಕೆ ವಾಲುತ್ತದೆ. ಹತ್ತು ದಿನ ಓಡಿಸಿ ಮಣಿಕಟ್ಟು ನೋಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ ಎಂದು ದೂರುವವರು ಬಹಳ. ಗಾಡಿ ಹಾಗಿದೆ ನಿಜ, ಆದರೆ ಅರ್ಧ ನೋವು ಕೂರುವ ರೀತಿಯಿಂದ. ಮೊಣಕೈ ನೆಟ್ಟಗೆ ಬಿಗಿದು, ಎದೆಯ ಭಾರವನ್ನೆಲ್ಲ ಅಂಗೈ ಮೇಲೆ ಹಾಕಿದರೆ ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರ ಒತ್ತಿಕೊಳ್ಳುತ್ತದೆ, ಅದಕ್ಕೇ ಕಿರುಬೆರಳಿಗೆ ಜೋಮು. ಎರಡು ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ, ಹೊಟ್ಟೆಯ ಸ್ನಾಯು ಬಿಗಿಯಾಗಿಸಿ ಬೆನ್ನು ಹೊತ್ತುಕೊಳ್ಳಿ, ಮೊಣಕೈ ಸ್ವಲ್ಪ ಮಡಿಸಿ ಸಡಿಲ ಬಿಡಿ. ಸರಿಯಾಗಿ ಕೂತಿದ್ದೀರೋ ಇಲ್ಲವೋ ತಿಳಿಯಲು ಗಾಡಿ ನಿಂತಿರುವಾಗಲೇ ಎರಡೂ ಅಂಗೈಯನ್ನು ಹಿಡಿಕೆಯಿಂದ ಅರ್ಧ ಇಂಚು ಮೇಲೆತ್ತಿ. ಮೈ ಮುಂದಕ್ಕೆ ಮುಗ್ಗರಿಸಿದರೆ ಭಾರ ಕೈ ಮೇಲಿತ್ತು ಎಂದರ್ಥ. ಬ್ರೇಕ್ ಮತ್ತು ಕ್ಲಚ್ ಲಿವರುಗಳ ಕೋನವನ್ನೂ ಮೆಕ್ಯಾನಿಕ್ ಹತ್ತಿರ ಹೊಂದಿಸಿಕೊಳ್ಳಿ: ಕೂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಎರಡು ನಿಮಿಷದ ಕೆಲಸ. ಇದನ್ನು ಡೆಲಿವರಿ ದಿನವೇ ಮಾಡಿಸಿಕೊಳ್ಳುವವರು ಕಡಿಮೆ.

ಇಷ್ಟು ಮಾಡಿದರೂ ಸೊಂಟನೋವು, ಕುತ್ತಿಗೆನೋವು ಮೊದಲೇ ಇರುವವರಿಗೆ ಆರ್15 ಬೇಡ. ಹಿಂದೆ ಹೆಂಡತಿಯನ್ನೋ ಅಮ್ಮನನ್ನೋ ಕೂರಿಸಿಕೊಂಡು ಓಡಾಡುವವರಿಗೂ ಬೇಡ. ಹಿಂದಿನ ಸೀಟು ಎತ್ತರ, ಚಿಕ್ಕದು, ಕೂತವರು ಬ್ರೇಕ್ ಹಾಕಿದಾಗಲೆಲ್ಲ ನಿಮ್ಮ ಬೆನ್ನ ಮೇಲೆ ಬೀಳುತ್ತಾರೆ, ಆ ಭಾರವೂ ನಿಮ್ಮ ಮಣಿಕಟ್ಟಿಗೇ.

ಜಿಕ್ಸರ್ ಎಸ್‌ಎಫ್ 250 ಬೇರೆಯೇ ಜಾತಿ. 249 ಸಿಸಿ, 26.5 ಪಿಎಸ್, 22.2 ಎನ್‌ಎಂ, ತೂಕ 161 ಕಿಲೊ, ಸೀಟು 800 ಮಿ.ಮೀ. ಹೊರಗಿನಿಂದ ಫೇರಿಂಗ್ (ಮೈ ಮುಚ್ಚುವ ಪ್ಲಾಸ್ಟಿಕ್ ಕವಚ) ತೊಟ್ಟ ಸ್ಪೋರ್ಟ್ಸ್ ಬೈಕೇ. ಆದರೆ ಹಿಡಿಕೆ ಎತ್ತರದಲ್ಲಿದೆ, ಬೆನ್ನು ತುಸು ಮಾತ್ರ ಬಾಗುತ್ತದೆ. ರೇಡಿಯೇಟರ್ ಬದಲು ಎಣ್ಣೆಯಿಂದಲೇ ತಣಿಯುವ ವ್ಯವಸ್ಥೆ ಇರುವುದರಿಂದ ಕೂಲೆಂಟ್, ಅದರ ಹೋಸು ಅನ್ನುವ ತಾಪತ್ರಯ ಇಲ್ಲ. ಎಂಜಿನ್ ಎಣ್ಣೆಯ ಮಟ್ಟವನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ಎಂಜಿನ್ ಪಕ್ಕದ ಗಾಜಿನ ಕಿಟಕಿಯಲ್ಲಿ ನೋಡಬೇಕು, ತಣಿಸುವುದೂ ಅದೇ ಎಣ್ಣೆ ತಾನೇ. ಸ್ಲಿಪ್ಪರ್ ಕ್ಲಚ್ ಇದಕ್ಕಿಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಗೇರ್ ಇಳಿಸುವಾಗ ರೇಸ್ ಒಂದು ಚಿಟಿಕೆ ಕೊಟ್ಟು ಕ್ಲಚ್ ಬಿಡುವ ಅಭ್ಯಾಸ ನೀವೇ ಮಾಡಿಕೊಳ್ಳಬೇಕು.

ಇದರ ಬೆಲೆ ತಿಳಿಯುವುದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿ.ಮೀ., ಬೆಳಗಾವಿ 340, ಹುಬ್ಬಳ್ಳಿ 430. ಆರ್15 ಆರನೇ ಗೇರಿನಲ್ಲಿ 100ರ ವೇಗದಲ್ಲಿ ಏಳು ಸಾವಿರ ಆರ್‌ಪಿಎಮ್ ದಾಟಿ ತಿರುಗುತ್ತಿರುತ್ತದೆ, ಲಾರಿ ದಾಟಲು ಒಂದೋ ಎರಡೋ ಗೇರ್ ಇಳಿಸಲೇಬೇಕು. ಜಿಕ್ಸರ್ ಅದೇ ವೇಗದಲ್ಲಿ ಮೈ ಸಡಿಲಿಸಿಕೊಂಡು ಹೋಗುತ್ತದೆ, ದಾಟಲು ರೇಸ್ ತಿರುವಿದರೆ ಸಾಕು. ಖಂಬಾಟ್ಕಿ ಘಾಟ್ ಏರುವಾಗ, ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ ಬ್ಯಾಗು ಕಟ್ಟಿಕೊಂಡ ಗಾಡಿಗೆ ಈ ಹೆಚ್ಚುವರಿ ಟಾರ್ಕಿನ ಗುಣ ಗೊತ್ತಾಗುತ್ತದೆ. ಟ್ಯಾಂಕ್ 12 ಲೀಟರ್, ಲೀಟರಿಗೆ 35ರ ಹತ್ತಿರ ಲೆಕ್ಕ ಹಾಕಿದರೂ ಬೆಳಗಾವಿ ಮುಟ್ಟುತ್ತದೆ. ಆದರೂ ಕೊಲ್ಹಾಪುರದಲ್ಲೊಮ್ಮೆ ತುಂಬಿಸಿ, ನೀವೂ ಇಳಿದು ಅರ್ಧ ಗಂಟೆ ನಡೆದಾಡಿ. ಹೆಡ್‌ಲೈಟ್ ಬಗ್ಗೆ ನಮಗೆ ಸಮಾಧಾನವಿಲ್ಲ, ಕತ್ತಲ ಹೆದ್ದಾರಿಗೆ ಅದರ ಬೆಳಕಿನ ಹರಹು ಸಾಲದು. ಊರಿಗೆ ಹೊರಡುವವರು ಬೆಳಗಿನ ಜಾವ ಹೊರಟು ಹಗಲಲ್ಲೇ ಸೇರುವುದು ಒಳ್ಳೆಯದು.

ದಾರಿಯ ಮಾತು ಬಂದಾಗ ಹೊಸದಾಗಿ ಬಂದವರಿಗೆ ಹೇಳಲೇಬೇಕಾದ್ದು: ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಎಷ್ಟು ಸಿಸಿಯ ಗಾಡಿಯಾದರೂ ಲೋಣಾವಳೆ, ಖಂಡಾಳೆಯ ಹಳೆ ಹೆದ್ದಾರಿಯೇ ಗತಿ. ಮುಂಬಯಿಯಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್, ಅಟಲ್ ಸೇತು, ಈಸ್ಟರ್ನ್ ಫ್ರೀವೇ ಇವಕ್ಕೂ ಬೈಕ್ ಹತ್ತಿಸುವ ಹಾಗಿಲ್ಲ. ಮ್ಯಾಪ್ ನೋಡಿಕೊಂಡು ಹೋಗುವವರು ವಾಹನದ ಆಯ್ಕೆಯಲ್ಲಿ ದ್ವಿಚಕ್ರ ಒತ್ತಿರುವುದನ್ನು ಖಚಿತ ಮಾಡಿಕೊಳ್ಳಿ. ಹಾಗಾಗಿ 150ರ ವೇಗ ಮುಟ್ಟುವ ಗಾಡಿ ಬೇಕೆಂದು ಹಟ ಹಿಡಿಯುವ ಮುಂಬಯಿಯ ಗೆಳೆಯರು ಆ ವೇಗಕ್ಕೆ ರಸ್ತೆ ಎಲ್ಲಿದೆ ಎಂದು ಮೊದಲು ಯೋಚಿಸಬೇಕು.

ಉಳಿದವುಗಳಲ್ಲಿ ಬಜಾಜ್ ಪಲ್ಸರ್ ಆರ್‌ಎಸ್200 ನಮ್ಮ ಪಟ್ಟಿಯಲ್ಲಿ ಮೂರನೆಯದು. 199.5 ಸಿಸಿ, 24.5 ಪಿಎಸ್, 13 ಲೀಟರ್ ಟ್ಯಾಂಕ್, ಕೂರುವ ರೀತಿ ಆರಾಮ, 2025ರ ಆವೃತ್ತಿಗೆ ಸ್ಲಿಪ್ಪರ್ ಕ್ಲಚ್ಚೂ ಬಂದಿದೆ. ಮೂರು ಸ್ಪಾರ್ಕ್ ಪ್ಲಗ್ ಇವೆ ಅನ್ನುವುದನ್ನು ಸರ್ವಿಸ್ ಲೆಕ್ಕದಲ್ಲಿ ನೆನಪಿಡಿ. ಹೀರೋ ಕರಿಜ್ಮಾ ಎಕ್ಸ್‌ಎಂಆರ್ 210 ಸಿಸಿಯಲ್ಲಿ 25.5 ಪಿಎಸ್ ಕೊಡುತ್ತದೆ, ಹಿಡಿಕೆ ಎತ್ತರದಲ್ಲಿದೆ, ದಿನದ ಓಡಾಟಕ್ಕೆ ಒಗ್ಗುತ್ತದೆ. ಕೆಟಿಎಂ ಆರ್‌ಸಿ 200 ಪುಣೆಯ ಪಕ್ಕದ ಚಾಕಣದಲ್ಲೇ ತಯಾರಾಗುವ ಗಾಡಿ, ತಿರುವಿನಲ್ಲಿ ಇದರ ಚುರುಕಿಗೆ ಎದುರಿಲ್ಲ. ಸೀಟು 835 ಮಿ.ಮೀ., ಶಕ್ತಿಯೆಲ್ಲ ಮೇಲಿನ ಆರ್‌ಪಿಎಮ್‌ನಲ್ಲಿ. ಒಂದೆರಡು ವರ್ಷ ಬೇರೆ ಗೇರ್ ಗಾಡಿ ಓಡಿಸಿ ಕೈ ಪಳಗಿದವರಿಗೆ ಸರಿ, ಸ್ಕೂಟರಿನಿಂದ ನೇರ ಬರುವವರಿಗೆ ಅಲ್ಲ.

ಆರ್‌ಸಿ 390 ಮೊದಲ ಗಾಡಿಯಾಗಿ ಬೇಡವೇ ಬೇಡ. 373 ಸಿಸಿ, 43.5 ಪಿಎಸ್, ತೂಕ 172 ಕಿಲೊ. ಮೊದಲ ಗೇರಿನಲ್ಲಿ ಗುಂಡಿ ದಾಟುವಾಗ ಕೈ ಕುಲುಕಿ ರೇಸ್ ಒಂದು ನೂಲು ಹೆಚ್ಚಾದರೆ ಸಾಕು, ಗಾಡಿ ಮುಂದಿನ ಕಾರಿನ ಬಂಪರ್ ಹತ್ತಿರ ಹೋಗಿರುತ್ತದೆ. ಏಪ್ರಿಲ್ ಬಿಸಿಲಿನ ಸಿಗ್ನಲ್ಲಿನಲ್ಲಿ ಫ್ಯಾನ್ ಬಿಡುವ ಬಿಸಿಗಾಳಿ ತೊಡೆಗೆ ತಾಗುವುದು ಬೇರೆ. ಟಿವಿಎಸ್ ಅಪಾಚೆ ಆರ್‌ಆರ್ 310 ಇದಕ್ಕಿಂತ ಸೌಮ್ಯ. 2024ರ ಆವೃತ್ತಿಯಲ್ಲಿ 38 ಪಿಎಸ್ ಇದ್ದರೂ ರೈಡಿಂಗ್ ಮೋಡ್‌ಗಳಿವೆ, ಮಳೆಗೆಂದೇ ಇರುವ ರೈನ್ ಮೋಡ್‌ನಲ್ಲಿ ಶಕ್ತಿ ಇಳಿದು ಎಬಿಎಸ್ ಬೇಗ ಎಚ್ಚರವಾಗುತ್ತದೆ. ಆದರೂ 174 ಕಿಲೊದ ಗಾಡಿ, ಎರಡನೆಯದಾಗಿ ಕೊಂಡರೆ ಚೆಂದ. ಕವಾಸಕಿ ನಿಂಜಾ 300ರ ಎರಡು ಸಿಲಿಂಡರಿನ ನಯ, 780 ಮಿ.ಮೀ. ಸೀಟು ಹೊಸಬರಿಗೆ ಹಿತವೇ. ಬಿಡಿಭಾಗದ ಬೆಲೆ ವಿಚಾರಿಸಿದ ಮೇಲೆ ನಿರ್ಧರಿಸಿ.

ಬೀಳುವುದರ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಬೇಕು. ಫೇರಿಂಗ್ ಇಲ್ಲದ ಗಾಡಿ ನಿಂತಲ್ಲೇ ಬಿದ್ದರೆ ಲಿವರ್, ಇಂಡಿಕೇಟರ್ ಹೋಗುತ್ತವೆ, ಅಷ್ಟೇ. ಸ್ಪೋರ್ಟ್ಸ್ ಬೈಕಿನಲ್ಲಿ ಅವುಗಳ ಜತೆ ಕನ್ನಡಿ, ಪಕ್ಕದ ಫೇರಿಂಗು, ಅದನ್ನು ಹಿಡಿದಿಡುವ ಒಳಗಿನ ಕಿವಿಗಳು ಮುರಿಯುತ್ತವೆ. ಹೊರಗೆ ಬರೀ ಗೀರು ಕಂಡರೂ ಒಳಗೆ ಕಿವಿ ಮುರಿದಿದ್ದರೆ ಫೇರಿಂಗ್ ಗಡಗಡ ಅನ್ನತೊಡಗುತ್ತದೆ. ಕಂಪನಿ ಬಣ್ಣದ ಒಂದೊಂದು ಪ್ಯಾನೆಲ್ಲಿಗೂ ಸಾವಿರಗಟ್ಟಲೆ ಹಣ. ವಿಮೆ ಇದೆಯಲ್ಲ ಎಂದು ನಂಬಿ ಕೂರಬೇಡಿ: ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಸವಕಳಿಯೆಂದು ಕಳೆಯುತ್ತಾರೆ, ಗಾಡಿ ಎಷ್ಟೇ ಹೊಸದಾಗಿರಲಿ. ಈ ಜಾತಿಯ ಗಾಡಿಯಲ್ಲಿ ಒಡೆಯುವುದೆಲ್ಲ ಪ್ಲಾಸ್ಟಿಕ್ಕೇ. ಮೊದಲ ಎರಡು ವರ್ಷ ಈ ಸವಕಳಿ ಕಳೆಯದ ಝೀರೋ ಡೆಪ್ರಿಸಿಯೇಷನ್ ಸೇರಿಸಿಕೊಳ್ಳುವುದು ದುಂದಲ್ಲ. ಹಾಗೆಂದು ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗಬೇಕಾದ ಶೇಕಡ 20ರ ನೋ ಕ್ಲೇಮ್ ರಿಯಾಯಿತಿ ಹೋಗುತ್ತದೆ. ಎರಡರ ಲೆಕ್ಕ ಹಾಕಿ, ಪ್ಲಾಸ್ಟಿಕ್ ವೆಲ್ಡಿಂಗಿನಲ್ಲಿ ಮುಗಿಯುವ ಕೆಲಸವಾದರೆ ಅಲ್ಲೇ ಮುಗಿಸಿ. ನಾನಾ ಪೇಠೆಯ ದ್ವಿಚಕ್ರ ಬಿಡಿಭಾಗದ ಅಂಗಡಿಗಳಲ್ಲಿ ಲಿವರ್, ಇಂಡಿಕೇಟರ್, ಕನ್ನಡಿ ಸುಲಭವಾಗಿ ಸಿಗುತ್ತವೆ. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಫಿಲ್ಟರ್ ಮಾತ್ರ ಕಂಪನಿಯದ್ದೇ ಇರಲಿ.

ಕ್ರ್ಯಾಶ್ ಗಾರ್ಡ್ ಹಾಕಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಉದ್ದ ಕಬ್ಬಿಣದ ಗಾರ್ಡ್ ಬೇಡ, ಜಾರುವ ಗಾಡಿಯನ್ನು ಅದು ರಸ್ತೆಯ ಅಂಚಿಗೆ ಸಿಕ್ಕಿಸಿ ಮಗುಚಿ ಹಾಕಬಹುದು. ಬಿದ್ದಾಗ ಫೇರಿಂಗಿಗಿಂತ ಮೊದಲು ನೆಲಕ್ಕೆ ತಾಗುವ ನೈಲಾನಿನ ಗುಬುಟು, ಅಂದರೆ ಫ್ರೇಮ್ ಸ್ಲೈಡರ್ ಹಾಕಿಸಿ, ಫೇರಿಂಗ್ ಕೊರೆಯದೆ ಕೂರುವಂಥದ್ದನ್ನು ಆರಿಸಿ. ಕೊರೆಸಿದರೆ ವಿಮೆಯವರ ಜತೆ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಕಾಗದಪತ್ರದ ವಿಷಯದಲ್ಲಿ ಪುಣೆಯ ಕನ್ನಡಿಗರಿಗೆ ಒಂದು ಬೇರೆಯೇ ಸಮಸ್ಯೆ ಇದೆ. ಇವತ್ತು ಇಲ್ಲಿನ ನೋಂದಣಿಯ, ಎಂಎಚ್ 12 ಅಥವಾ 14 ಬೋರ್ಡಿನ ಗಾಡಿ ಕೊಂಡು, ನಾಳೆ ಬೆಂಗಳೂರಿಗೆ ವರ್ಗವಾದರೆ? ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಲೇಬೇಕು. ಇಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು, ಮಹಾರಾಷ್ಟ್ರಕ್ಕೆ ಕಟ್ಟಿದ್ದರಲ್ಲಿ ಉಳಿದ ಭಾಗ ವಾಪಸು ಪಡೆಯಲು ಬೇರೆ ಅರ್ಜಿ ಹಾಕಬೇಕು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವರು, ಸರ್ಕಾರಿ ನೌಕರರು 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನೋಂದಣಿ ಕೇಳಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋಗುವ ವ್ಯವಸ್ಥೆ ಅದು, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ. ಬುಕಿಂಗ್ ದಿನವೇ ಡೀಲರಿಗೆ ತಿಳಿಸಿ, ನೋಂದಣಿಗೆ ಕಳಿಸಿದ ಮೇಲೆ ಹೇಳಿದರೆ ಕೆಲಸ ಕೆಡುತ್ತದೆ.

ಬೆಲೆಯಲ್ಲಿ 350 ಸಿಸಿ ಅನ್ನುವುದು ಈಗ ದೊಡ್ಡ ಗೆರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡ 18ಕ್ಕೆ ಇಳಿಯಿತು, ಅದರ ಮೇಲಿನವಕ್ಕೆ 40 ಆಯಿತು. ಮೇಲೆ ಹೇಳಿದ ಗಾಡಿಗಳಲ್ಲಿ ಆರ್‌ಸಿ 390 ಒಂದೇ ಗೆರೆಯ ಆಚೆಗಿರುವುದು. ಆನ್-ರೋಡ್ ಬೆಲೆಯ ಚೀಟಿಯನ್ನು ಸಾಲುಸಾಲಾಗಿ ಓದಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಸ್ವಂತ ಹಾನಿಯ ವಿಮೆ ಒಂದು ವರ್ಷದ್ದು ಸಾಕು, ಮತ್ತು ಅದನ್ನು ಡೀಲರ್ ಹತ್ತಿರವೇ ಕೊಳ್ಳಬೇಕೆಂಬ ನಿಯಮವಿಲ್ಲ. “ಹ್ಯಾಂಡ್ಲಿಂಗ್” ಎಂಬ ಸಾಲು ಕಂಡರೆ ಅದು ಯಾವ ಕೆಲಸಕ್ಕೆ ಎಂದು ಕೇಳಿ, ತೆಗೆಸಿ. ಉಳಿದ ಹಣದಲ್ಲಿ ಹೆಲ್ಮೆಟ್, ಕೈಗವಸು, ಮೊಣಕಾಲು ಮುಚ್ಚುವ ಗಾರ್ಡ್ ಬರಲಿ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆತ್ತಿ ನೋಡಿ, ತಲೆಯಿಂದ ಕಳಚಿ ಬಂದರೆ ಆ ಅಳತೆ ನಿಮ್ಮದಲ್ಲ.

ಲರ್ನಿಂಗ್ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ತಿಂಗಳನ್ನು ಗೆಳೆಯರ ಹಳೆಯ ಗೇರ್ ಗಾಡಿಯಲ್ಲಿ ಕಳೆಯಿರಿ, ಹೊಸ ಫೇರಿಂಗಿನ ಮೇಲೆ ಬೇಡ.

ಸೆಕೆಂಡ್ ಹ್ಯಾಂಡ್ ಆರ್15 ಪುಣೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಕಾಲೇಜು ಮುಗಿಸಿ ಮಾರುವವರು ಹೆಚ್ಚು. ಮೊದಲು ಫೋರ್ಕಿನ ಬುಡದಲ್ಲಿ, ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಗುಬುಟು ಇರುವ ಜಾಗಕ್ಕೆ ಟಾರ್ಚ್ ಹಾಕಿ. ಮುಂದಿನಿಂದ ಜೋರಾಗಿ ಗುದ್ದಿಸಿಕೊಂಡ ಗಾಡಿಯಲ್ಲಿ ಆ ಗುಬುಟು ಚಪ್ಪಟೆಯಾಗಿರುತ್ತದೆ, ಇಲ್ಲವೇ ಅದು ತಾಗುವ ಫ್ರೇಮಿನಲ್ಲಿ ಬಣ್ಣ ಎದ್ದು ತಗ್ಗು ಬಿದ್ದಿರುತ್ತದೆ. ಫೇರಿಂಗ್ ಹೊಸದು ಹಾಕಿ ಮುಚ್ಚಬಹುದು, ಈ ಗುರುತು ಮುಚ್ಚಲು ಬರುವುದಿಲ್ಲ. ಆಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಎಡಬಲ ಆಡಿಸಿ. ನಟ್ಟನಡುವೆ ಸಣ್ಣಗೆ ಕಚ್ಚಿ ನಿಂತಂತಾದರೆ ಹೆಡ್ ಬೇರಿಂಗ್ ಹೋಗಿದೆ. ಫೋರ್ಕಿನ ಹೊಳೆಯುವ ನಳಿಗೆಯ ಮೇಲೆ ಎಣ್ಣೆಯ ಉಂಗುರ ಇದ್ದರೆ ಸೀಲ್ ಸೋರುತ್ತಿದೆ. ಸ್ಪ್ರಾಕೆಟ್ ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ಟೇ ಬದಲಿಸಬೇಕು, ಅಷ್ಟು ಬೆಲೆಯಲ್ಲಿ ಇಳಿಸಿ ಕೇಳಿ. ಸಾಲ ತೀರಿದೆಯೇ, ಇ-ಚಲನ್ ಬಾಕಿ ಎಷ್ಟಿದೆ ಎಂದು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಹೊಸ ಗಾಡಿಯ ಮೊದಲ ಸಾವಿರ ಕಿ.ಮೀ. ಎಂದರೆ ನಿಧಾನ ಓಡಿಸುವುದು ಎಂದಷ್ಟೇ ತಿಳಿಯುತ್ತಾರೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ತಪ್ಪು. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹೊಂದಿಕೊಳ್ಳಲು ಆರ್‌ಪಿಎಮ್ ಏರಿ ಇಳಿಯುತ್ತಿರಬೇಕು, ಹಾಗಾಗಿ ಡೆಲಿವರಿ ಆದ ವಾರವೇ ಹುಬ್ಬಳ್ಳಿಗೆ ಹೊರಡಬೇಡಿ. ಹೊಸ ಟೈರಿನ ಮೇಲ್ಮೈ ನುಣುಪು, ಮೊದಲ ನೂರೈವತ್ತು ಕಿ.ಮೀ. ತಿರುವಿನಲ್ಲಿ ಹೆಚ್ಚು ವಾಲಿಸಬೇಡಿ. ಚೈನನ್ನು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ನೆನೆದಾಗಲೆಲ್ಲ ಒರೆಸಿ ಲ್ಯೂಬ್ ಹಾಕಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಪ್ಯಾಡಾಕ್ ಸ್ಟ್ಯಾಂಡ್ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ, ಎಂಜಿನ್ ಆರಿಸಿ, ಕೈಯಿಂದ ಚಕ್ರ ತಿರುಗಿಸುತ್ತ ಒಳಮೈಗೆ ಹಾಕಬೇಕು. ಎಂಜಿನ್ ಚಾಲೂ ಇಟ್ಟು ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಪೆಟ್ರೋಲಿನಲ್ಲಿ ಚೈನ್ ತೊಳೆಯಬೇಡಿ, ಒಳಗಿನ ರಬ್ಬರ್ ಉಂಗುರ ಹಾಳಾಗುತ್ತದೆ. ಚೈನಿನ ಸಡಿಲ ಎಷ್ಟಿರಬೇಕೆಂದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮಿನ ಚೀಟಿಯಲ್ಲಿ ಬರೆದಿದೆ. ಸಡಿಲ ಇರಬಾರದೆಂದು ತಂತಿಯ ಹಾಗೆ ಬಿಗಿಸಿದರೆ ಗುಂಡಿ ಇಳಿದಾಗಲೆಲ್ಲ ಆ ಜಗ್ಗು ಬೇರಿಂಗಿಗೆ ಬೀಳುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ, ಘಾಟಿಗೆ ಹೋಗುವ ಮೊದಲು, ಖಾಲಿ ನೇರ ರಸ್ತೆಯಲ್ಲಿ ಬ್ರೇಕ್ ಕಲಿಯಿರಿ. 40ರ ವೇಗದಲ್ಲಿ ಮುಂದಿನ ಲಿವರನ್ನು ಮೊದಲು ಮೃದುವಾಗಿ ಹಿಡಿದು ಫೋರ್ಕ್ ಕುಗ್ಗುವುದನ್ನು ಗಮನಿಸಿ, ಕುಗ್ಗಿದ ಮೇಲೆ ಗಟ್ಟಿಯಾಗಿ ಒತ್ತಿ. ಭಾರ ಮುಂದಿನ ಟೈರಿಗೆ ಬಂದ ಮೇಲಷ್ಟೇ ಅದಕ್ಕೆ ಪೂರ್ತಿ ಹಿಡಿತ. ಹಿಂದಿನ ಬ್ರೇಕನ್ನು ಬೇಕೆಂದೇ ಜೋರಾಗಿ ತುಳಿದು ಎಬಿಎಸ್ ಪಾದಕ್ಕೆ ಟಕಟಕ ಬಡಿಯುವುದನ್ನು ಒಮ್ಮೆ ಅನುಭವಿಸಿ, ಇಲ್ಲದಿದ್ದರೆ ನಿಜವಾದ ಗಾಬರಿಯಲ್ಲಿ ಅದು ಬಡಿದಾಗ ಕಾಲು ತಾನೇ ಮೇಲೇಳುತ್ತದೆ. ಹ್ಯಾಂಡಲ್ ತಿರುಗಿರುವಾಗ, ನಡಿಗೆಯ ವೇಗದಲ್ಲಿ, ಮುಂದಿನ ಬ್ರೇಕ್ ಮುಟ್ಟಬೇಡಿ, ಹಿಂದಿನದು ಸಾಕು. ಪಾರ್ಕಿಂಗಿನಲ್ಲಿ ಬೀಳುವವರು ಬೀಳುವುದು ಇದೊಂದರಿಂದ.

ಘಾಟಿನಲ್ಲಿ ವೇಗ ಇಳಿಸುವುದು, ಗೇರ್ ಇಳಿಸುವುದು ಎಲ್ಲ ತಿರುವಿಗೆ ಮೊದಲೇ ಮುಗಿಯಬೇಕು. ಎಡಕ್ಕೆ ಹೋಗಬೇಕಾದರೆ ಎಡ ಹಿಡಿಕೆಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿ, ಗಾಡಿ ತಾನೇ ಎಡಕ್ಕೆ ವಾಲುತ್ತದೆ. ಕಣ್ಣು ತಿರುವು ಮುಗಿಯುವ ಜಾಗದಲ್ಲಿರಲಿ. ತಾಮ್ಹಿಣಿ, ವರಂಧ ಘಾಟಿಗಳಲ್ಲಿ ಎಸ್‌ಟಿ (ಸರ್ಕಾರಿ) ಬಸ್ಸು ಹೇರ್‌ಪಿನ್ ತಿರುವಿನಲ್ಲಿ ಅಗಲವಾಗಿ ತಿರುಗಿಸಿಕೊಂಡು ನಿಮ್ಮ ಬದಿಗೇ ಬರುತ್ತದೆ, ಅದಕ್ಕೆ ಬೇರೆ ದಾರಿಯೂ ಇಲ್ಲ. ಕುರುಡು ತಿರುವಿನಲ್ಲಿ ನಿಮ್ಮ ಬದಿಯ ಎಡ ಭಾಗವನ್ನು ಬಿಟ್ಟು ನಡುಗೆರೆಯ ಹತ್ತಿರ ಹೋಗಬೇಡಿ. ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಬ್ರೇಕ್ ಸೋತ ಲಾರಿಗಳ ಅಪಘಾತ ಪದೇ ಪದೇ ಆಗಿದೆ. ಅಲ್ಲಿ ಲಾರಿಯ ಮುಂದೆ ಉಳಿಯದೆ, ಕನ್ನಡಿ ನೋಡುತ್ತ, ಎಡಕ್ಕೆ ಸರಿದು ಅದಕ್ಕೆ ದಾರಿ ಬಿಡಿ.

ಆರ್15, ಜಿಕ್ಸರ್ ಎರಡನ್ನೂ ಟೆಸ್ಟ್ ರೈಡ್ ಮಾಡುವಾಗ ಷೋರೂಮಿನವರು ತೋರಿಸುವ ನೇರ ರಸ್ತೆಗೆ ತೃಪ್ತಿಪಡಬೇಡಿ. ಒಂದು ಯೂ-ಟರ್ನ್, ಒಂದು ಸ್ಪೀಡ್ ಬ್ರೇಕರ್, ಹತ್ತು ನಿಮಿಷದ ಟ್ರಾಫಿಕ್ ಕೇಳಿ ಪಡೆಯಿರಿ. ಆರ್15ರಿಂದ ಇಳಿದ ಮೇಲೆ ಮಣಿಕಟ್ಟು ಏನು ಹೇಳುತ್ತದೆ ನೋಡಿ, ಜಿಕ್ಸರಿನಿಂದ ಇಳಿಯುವಾಗ ಅದನ್ನು ಕೈಯಲ್ಲಿ ತಳ್ಳಿ ಸೈಡ್ ಸ್ಟ್ಯಾಂಡಿಗೆ ಹಾಕಿ ನೋಡಿ. ಬುಕಿಂಗ್ ಹಣ ಅದಾದ ಮೇಲೆ.